ಮಂಗಳವಾರದ ಒಪಿಡಿಯಿಂದ ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಜಿಲ್ಲೆಗಳಲ್ಲಿ ದುಡಿಯುತ್ತಿರುವ ಮಾನಸಿಕ ಆರೋಗ್ಯ ಸಿಬ್ಬಂದಿಯ ವೃತ್ತಿ ತರಬೇತಿಯ ಕುರಿತು.

ಮಾನ್ಯರೇ,

ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ, ಹನ್ನೊಂದು ವರ್ಷಗಳಿಂದ ನಾನು ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ದುಡಿಯುತ್ತಿದ್ದೇನೆ. ಮಾರ್ಚ್ ಕೊನೆಗೆ ಮುಗಿದು ಏಪ್ರಿಲ್‌ನಲ್ಲಿ ಮತ್ತೆ ಶುರುವಾಗುವ ಗುತ್ತಿಗೆಯ ನೌಕರಿ ನನ್ನದು. ಆ ವಿಷಯಕ್ಕೆ ಬೇರೆ ಮನವಿಗಳು ಈಗಾಗಲೇ ತಮ್ಮ ಕಚೇರಿಯಲ್ಲಿವೆ, ಇಲ್ಲಿ ಅದನ್ನು ಎತ್ತುವುದಿಲ್ಲ. ನಮ್ಮಂಥವರು ಕೆಲಸಕ್ಕೆ ಸೇರಿದ ಮೇಲೆ ಏನು ಕಲಿಯುತ್ತೇವೆ, ಯಾರಿಂದ ಕಲಿಯುತ್ತೇವೆ, ಕಲಿಯದೆ ಉಳಿದದ್ದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ತಮ್ಮ ಗಮನಕ್ಕೂ ಸಾರ್ವಜನಿಕರ ಗಮನಕ್ಕೂ ತರುವುದಷ್ಟೇ ಈ ಪತ್ರದ ಉದ್ದೇಶ. ಹೆಸರನ್ನೂ ಜಿಲ್ಲೆಯನ್ನೂ ಹೇಳದಿರುವುದಕ್ಕೆ ಕಾರಣವನ್ನು ತಾವು ಊಹಿಸಬಲ್ಲಿರಿ.

ಕಳೆದ ಮಳೆಗಾಲದ ಒಂದು ಮಂಗಳವಾರ ನಡೆದದ್ದನ್ನು ಮೊದಲು ಹೇಳುತ್ತೇನೆ. ಮನೋಚೈತನ್ಯ ಕಾರ್ಯಕ್ರಮದ ಪ್ರಕಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನವದು. ಬೆಳಿಗ್ಗೆ ಹತ್ತರ ಹೊತ್ತಿಗೇ ಚೀಟಿ ಮಾಡಿಸಿದವರ ಸಾಲು ವರಾಂಡ ದಾಟಿತ್ತು. ಆ ತಿಂಗಳಷ್ಟೇ ಸೇರಿದ್ದ ಆಪ್ತಸಮಾಲೋಚಕಿ ಹಳೆ ಮೈಸೂರು ಕಡೆಯ ಹುಡುಗಿ, ಮನಶ್ಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದು ಎಂ.ಎಸ್ಸಿ. ಮುಗಿಸಿದವಳು. ಅವಳ ಮುಂದೆ ಕುಳಿತ ನಲವತ್ತರ ಆಸುಪಾಸಿನ ಹೆಂಗಸು, “ಎದಿ ಹಾರತೈತ್ರಿ. ಒಳಗ ಯಾರೋ ಕುಂತು ಕಳ್ಳು ಹಿಂಡಿದಂಗ ಆಗತೈತಿ. ರಾತ್ರಿಯೆಲ್ಲಾ ಜೀವಕ್ಕ ಸಮಾಧಾನ ಇಲ್ಲ” ಎಂದರು. ದೇಹದೊಳಗೆ ಇನ್ನೊಬ್ಬರು ಕುಳಿತಿದ್ದಾರೆಂಬ ನಂಬಿಕೆ, ಭ್ರಮೆ ಇರಬಹುದು ಎಂಬರ್ಥದ ಒಂದು ಸಾಲು ಇಂಗ್ಲಿಷಿನಲ್ಲಿ ಕೇಸ್ ಶೀಟಿಗೆ ಬಿತ್ತು. ಪಕ್ಕದ ಮೇಜಿನಲ್ಲಿದ್ದ ನನ್ನ ಕಿವಿಗೆ ಆ ಹೆಂಗಸಿನ ಮಾತು ಬಿದ್ದಿತ್ತಾದ್ದರಿಂದ ನಾನು ಎದ್ದು ಹೋಗಿ ಇನ್ನೆರಡು ಪ್ರಶ್ನೆ ಕೇಳಿದೆ. ಮಗಳ ಮದುವೆಗೆಂದು ಸಂಘದಿಂದ ತೆಗೆದ ಸಾಲ, ವಾರದ ಕಂತು, ಕಂತಿನ ಹಿಂದಿನ ರಾತ್ರಿ ಬಾರದ ನಿದ್ದೆ, ಎಲ್ಲ ಒಂದೊಂದಾಗಿ ಹೊರಬಂದವು. ನಮ್ಮ ಕಡೆ ಕಳ್ಳು ಎಂದರೆ ಕರುಳು; ಆತಂಕವಾದವರು ಕಳ್ಳು ಹಿಂಡಿದಂಗಾಗತೈತಿ ಎಂದೇ ಹೇಳುತ್ತಾರೆ. ‘ಯಾರೋ ಕುಂತು’ ಎಂಬುದು ಅದಕ್ಕೆ ಸೇರಿಕೊಂಡ ಅಲಂಕಾರ. ಆ ಒಂದು ಸಾಲು ಹಾಗೆಯೇ ಮನೋವೈದ್ಯರ ಮೇಜಿಗೆ ಹೋಗಿದ್ದರೆ, ಅರವತ್ತು ಎಪ್ಪತ್ತು ಜನರನ್ನು ಒಂದೇ ದಿನ ನೋಡಬೇಕಾದ ಅವರು ಚಿತ್ತವಿಕಲತೆಯ ಮಾತ್ರೆ ಬರೆದುಬಿಡುವ ಸಾಧ್ಯತೆ ಇಲ್ಲದಿರಲಿಲ್ಲ.

ಇದರಲ್ಲಿ ಆ ಹುಡುಗಿಯನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಅವಳಿಗೆ ಪಾಠವಾದ ಪುಸ್ತಕಗಳೆಲ್ಲ ಇಂಗ್ಲಿಷಿನವು, ಅವುಗಳಲ್ಲಿ ಬರುವ ರೋಗಿಗಳು ಬೇರೆ ದೇಶದವರು. ಎರಡು ವರ್ಷದಲ್ಲಿ ಅವಳು ಆಸ್ಪತ್ರೆಯ ಒಳಗೆ ಕಳೆದದ್ದು ಕೆಲವೇ ವಾರ, ಅದೂ ದೂರ ನಿಂತು ನೋಡುವವಳಾಗಿ. ಕೆಲಸಕ್ಕೆ ಹಾಜರಾದ ದಿನ ಅವಳ ಕೈಗೆ ಒಂದು ರಿಜಿಸ್ಟರು, ಒಂದು ಮೊಹರು, ತಿಂಗಳ ವರದಿಯ ನಮೂನೆ ಕೊಡಲಾಯಿತು. ಅವಳ ಪಕ್ಕದಲ್ಲಿ ಒಂದು ತಿಂಗಳು ಕುಳಿತು, “ಇಲ್ಲಿ ನೀನು ಹೀಗೆ ಕೇಳಿದೆಯಲ್ಲ, ಯಾಕೆ?” ಎಂದು ಕೇಳುವವರನ್ನು ಯಾರೂ ಕೊಡಲಿಲ್ಲ. ಈ ರಾಜ್ಯದಲ್ಲಿ ಮಾನಸಿಕ ಆರೋಗ್ಯದ ತರಬೇತಿಯಲ್ಲಿರುವ ಕೊರತೆಯನ್ನು ಒಂದೇ ಮಾತಿನಲ್ಲಿ ಹೇಳು ಎಂದರೆ ನಾನು ಹೇಳುವುದು ಇದನ್ನೇ.

ಅವಳ ತಪ್ಪನ್ನು ಹೇಳಿ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಎರಡು ವರ್ಷ ಪೂರ್ಣಾವಧಿಯ ಎಂ.ಫಿಲ್. ಮಾಡಿ ಬಂದವಳು ನಾನು. ಸೇರಿದ ಎರಡನೆಯ ವರ್ಷ, ಬಾಗಿಲಿಲ್ಲದ ಒಂದು ಕೋಣೆಯಲ್ಲಿ, ಮೇಜಿನ ಆ ಬದಿಗೆ ಲಸಿಕೆಯ ಫ್ರಿಜ್ ಗುಯ್‌ಗುಡುತ್ತಿರುವಾಗ, ಇಪ್ಪತ್ತಮೂರು ವರ್ಷದ ಸೊಸೆಯೊಬ್ಬಳನ್ನು ಅವಳ ಅತ್ತೆಯ ಎದುರಿಗೇ, “ಸಾಯಬೇಕು ಅಂತ ಯಾವಾಗರ ಅನಸ್ತೈತೇನವ್ವಾ?” ಎಂದು ಕೇಳಿದೆ. “ಇಲ್ರಿ” ಎಂದಳು. ಇಲ್ಲ ಎಂಬ ಚೌಕಕ್ಕೆ ಗುರುತು ಹಾಕಿ ಮುಂದಿನ ಚೀಟಿ ಕರೆದೆ. ಐದನೆಯ ದಿನ ಅವಳು ಅದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿದ್ದಳು, ಬಾಯಿಂದ ಕೀಟನಾಶಕದ ವಾಸನೆ ಹೊಡೆಯುತ್ತಿತ್ತು. ಬದುಕಿಕೊಂಡಳು. ಮಾತಾಡುವಂತಾದ ಮೇಲೆ ನನ್ನ ಕೈ ಹಿಡಿದು, “ಅತ್ತೀ ಮುಂದ ಹೆಂಗ ಹೇಳ್ಲಿ ಅಕ್ಕಾರ” ಎಂದಳು. ಅಪಾಯದ ಪ್ರಮಾಣವನ್ನು ಅಳೆಯುವ ಪ್ರಶ್ನಾವಳಿ ನನಗೆ ಬಾಯಿಪಾಠವಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಅದನ್ನು ಕೇಳುವುದಕ್ಕೆ ಮೊದಲು ಒಂದು ಏಕಾಂತವನ್ನು ಹೊಂದಿಸಿಕೊಳ್ಳಬೇಕೆಂಬುದು ಗೊತ್ತಿರಲಿಲ್ಲ. ಆ ರಾತ್ರಿ ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ ಎಂದು ನೋಡಿದರೆ ಇಡೀ ಜಿಲ್ಲೆಯಲ್ಲಿ ನನ್ನ ಕಸುಬಿನ ಹಿರಿಯರು ಒಬ್ಬರೂ ಇರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿದ್ದ ನನ್ನ ಹಳೆಯ ಗುರುಗಳಿಗೆ ಫೋನ್ ಮಾಡಿದೆ. ಅವರು ಇಪ್ಪತ್ತು ನಿಮಿಷ ಕೇಳಿಸಿಕೊಂಡು, ಮಾತ್ರೆ ತರಲು ಅತ್ತೆಯನ್ನು ಔಷಧಿ ಕೌಂಟರಿನ ಸಾಲಿಗೆ ಕಳಿಸಿ, ಆಮೇಲೆ ಕೇಳು ಎಂದರು. ಒಂಬತ್ತು ವರ್ಷಗಳಿಂದ ನಾನು ಹಾಗೆಯೇ ಮಾಡುತ್ತಿದ್ದೇನೆ. ಯಾವ ಪಠ್ಯಕ್ರಮದಲ್ಲೂ ಇಲ್ಲದ ಆ ಒಂದು ಉಪಾಯ ಎಷ್ಟು ಜನರ ಬಾಯಿ ತೆರೆಸಿದೆಯೆಂದು ಲೆಕ್ಕವಿಟ್ಟಿಲ್ಲ.

ನಮ್ಮ ವೃತ್ತಿಯಲ್ಲಿ ಇದಕ್ಕೆ ಸೂಪರ್‌ವಿಷನ್ ಎನ್ನುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಮೇಲ್ವಿಚಾರಣೆ ಎಂದೊಡನೆ ಹಾಜರಿ ಪುಸ್ತಕ ತೆರೆಯುವ ಅಧಿಕಾರಿಯೇ ಕಣ್ಣ ಮುಂದೆ ಬರುವುದರಿಂದ ಆ ಪದವನ್ನು ಬಳಸಲು ನನಗೆ ಅಳುಕು. ತಾನು ಕಂಡ ಪ್ರಕರಣವನ್ನು, ತಾನು ಆಡಿದ ಮಾತುಗಳ ಸಮೇತ, ಅನುಭವಿಯೊಬ್ಬರ ಮುಂದೆ ನಿಯಮಿತವಾಗಿ ಇಟ್ಟು ತಿದ್ದಿಸಿಕೊಳ್ಳುವುದೇ ಸೂಪರ್‌ವಿಷನ್. ಸಂಗೀತ ಕಲಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 31ನೆಯ ಪ್ರಕರಣವನ್ನು ತಾವು ಒಮ್ಮೆ ತರಿಸಿ ಓದಬೇಕೆಂದು ಕೋರುತ್ತೇನೆ. ಉನ್ನತ ಶಿಕ್ಷಣ ಸಂಸ್ಥೆಗಳ ಜೊತೆಗೂಡಿ ತರಬೇತಿ ಕಾರ್ಯಕ್ರಮಗಳನ್ನು ರೂಪಿಸಿ ನಡೆಸುವುದು ಸರ್ಕಾರದ ಕರ್ತವ್ಯವೆಂದು ಅದು ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಮತ್ತು ಕಾರಾಗೃಹಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮೂಲಭೂತ ಹಾಗೂ ತುರ್ತು ಮಾನಸಿಕ ಚಿಕಿತ್ಸೆಯ ತರಬೇತಿಯನ್ನು ಕನಿಷ್ಠ ಮಟ್ಟವೆಂದು ನಿಗದಿಪಡಿಸುತ್ತದೆ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರು ಇರಬೇಕೆಂಬ ಅಂತರರಾಷ್ಟ್ರೀಯ ಮಾನದಂಡವನ್ನು ಮುಟ್ಟಲು ಕಾಯ್ದೆ ಜಾರಿಯಾದಂದಿನಿಂದ ಹತ್ತು ವರ್ಷದ ಅವಧಿಯನ್ನು ಕೊಡುತ್ತದೆ. ಆ ಹತ್ತು ವರ್ಷ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ಒಂದು ಲಕ್ಷ ಜನರಿಗೆ ಕನಿಷ್ಠ ಮೂವರು ಮನೋವೈದ್ಯರಿರಬೇಕಾದಲ್ಲಿ ದೇಶದಲ್ಲಿರುವುದು 0.75 ಎಂಬುದನ್ನು ಸಂಸತ್ತಿನ ಸ್ಥಾಯಿ ಸಮಿತಿಯ 2023ರ ವರದಿಯೇ ದಾಖಲಿಸಿದೆ. ಮನೋವೈದ್ಯರನ್ನು ಎರಡು ಮೂರು ವರ್ಷದಲ್ಲಿ ನಾಲ್ಕು ಪಟ್ಟು ಮಾಡಲು ಯಾರಿಂದಲೂ ಆಗದು. ಈಗಾಗಲೇ ಕೆಲಸದಲ್ಲಿರುವ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಶುಶ್ರೂಷಾಧಿಕಾರಿಗಳು, ಆಪ್ತಸಮಾಲೋಚಕರು ಇವರ ಕೈ ಪಳಗಿಸುವುದು ಮಾತ್ರ ಆಗಬಹುದಾದ ಕೆಲಸ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ 13,606 ಜನ ಆತ್ಮಹತ್ಯೆ ಮಾಡಿಕೊಂಡರು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಇದನ್ನೆಲ್ಲ ಬೇರೆ ಯಾವುದೋ ರಾಜ್ಯದವರು ಬರೆದರೆ ಒಂದು ಅರ್ಥ. ಕರ್ನಾಟಕದವಳು ಬರೆಯಬೇಕಾಗಿ ಬಂದದ್ದು ಸೋಜಿಗ. ಸ್ವಾತಂತ್ರ್ಯಕ್ಕೆ ಮುಂಚೆ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ ಶಿಫಾರಸಿನಂತೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿದ್ದು ಬೆಂಗಳೂರಿನಲ್ಲಿ, ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ, ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ. ತರಬೇತಿ ಕೊಡುವುದಕ್ಕೆಂದೇ ಹುಟ್ಟಿದ ಸಂಸ್ಥೆಯದು. ಅದೂ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಅದರ ಮರುವರ್ಷವೇ ಸಕಲವಾರದ ಹಳ್ಳಿಯ ಕೇಂದ್ರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಯನ್ನು ಗುರುತಿಸಲು ಕಲಿಸುವುದು ಹೇಗೆಂಬ ಪ್ರಯೋಗ ಶುರುವಾಯಿತು. ಎಂಬತ್ತರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯುದ್ದಕ್ಕೂ ಮಾಡಿ ನೋಡಿದರು; ಇಂದು ದೇಶವೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂದು ಕರೆಯುವುದರ ಮೂಲ ಮಾದರಿ ಅದು. ಧಾರವಾಡದ ಆಸ್ಪತ್ರೆಯಂತೂ 1845ರಷ್ಟು ಹಳೆಯದು, ಈಗ ಡಿಮ್ಹಾನ್ಸ್ ಎಂಬ ಹೆಸರಿನಲ್ಲಿ ಸ್ನಾತಕೋತ್ತರ ತರಬೇತಿಯನ್ನೂ ನೀಡುತ್ತಿದೆ. ದೇಶಕ್ಕೆ ಪಾಠ ಹೇಳಿದ ರಾಜ್ಯದ ಜಿಲ್ಲಾ ಸಿಬ್ಬಂದಿ, ತಮಗೆ ಪಾಠ ಹೇಳುವವರಿಲ್ಲ ಎಂದು ಬಹಿರಂಗ ಪತ್ರ ಬರೆಯುತ್ತಿದ್ದೇವೆ.

ತರಬೇತಿಗಳೇ ಇಲ್ಲವೆಂದರೆ ಸುಳ್ಳಾಗುತ್ತದೆ. 2018ರಲ್ಲಿ ಶುರುವಾದ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ, ಸಮಾಜ ಕಾರ್ಯಕರ್ತರಿಗೆ, ಶುಶ್ರೂಷಕರಿಗೆ ಮನೆಯಿಂದಲೇ ಕಲಿಯುವ ಕೋರ್ಸುಗಳನ್ನು ನಡೆಸುತ್ತದೆ, ಅವುಗಳಿಂದ ನನಗೂ ಪ್ರಯೋಜನವಾಗಿದೆ. ಅದಲ್ಲದೆ ಖಾಸಗಿಯಾಗಿ ವಾರಾಂತ್ಯದ ಕಾರ್ಯಾಗಾರಗಳಿವೆ, ಹೆಚ್ಚಿನವು ಬೆಂಗಳೂರಿನ ಹೋಟೆಲುಗಳಲ್ಲಿ. ಎರಡು ದಿನದ ಶುಲ್ಕ ಕೆಲವೊಮ್ಮೆ ನಮ್ಮ ಅರ್ಧ ತಿಂಗಳ ಸಂಬಳಕ್ಕೆ ಸಮ. ಬೀದರಿನಿಂದ ಬರುವವರಿಗೆ ಹೋಗಿ ಬರುವ ಎರಡು ರಾತ್ರಿಯ ಬಸ್ಸು ಬೇರೆ. ಸರ್ಕಾರ ನಡೆಸುವ ಜಿಲ್ಲಾ ಮಟ್ಟದ ತರಬೇತಿಯ ಸ್ವರೂಪ ತಮಗೆ ಗೊತ್ತೇ ಇದೆ: ದೀಪ ಬೆಳಗುವುದು, ಗಣ್ಯರ ಭಾಷಣ, ಊಟಕ್ಕೆ ಮುಂಚೆ ಒಂದೂವರೆ ಗಂಟೆಯ ಸ್ಲೈಡುಗಳು, ಊಟದ ನಂತರ ಪ್ರಮಾಣಪತ್ರ, ಬ್ಯಾನರಿನ ಕೆಳಗೆ ಫೋಟೊ. ಇಂಥ ಹದಿನಾಲ್ಕು ಪ್ರಮಾಣಪತ್ರಗಳು ನನ್ನ ಬೀರುವಿನಲ್ಲಿವೆ. ಅವುಗಳಲ್ಲಿ ಒಂದರಲ್ಲೂ ನಾನು ಕಂಡ ಒಬ್ಬ ರೋಗಿಯ ಬಗ್ಗೆ ನನ್ನನ್ನು ಯಾರೂ ಪ್ರಶ್ನೆ ಕೇಳಿಲ್ಲ.

ಬೇರೆ ರೀತಿಯಲ್ಲಿ ಮಾಡಲು ಸಾಧ್ಯವೆಂದು ನಿಮ್ಹಾನ್ಸ್‌ನವರೇ ತೋರಿಸಿದ್ದಾರೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗಾಗಿ ಅವರು ರೂಪಿಸಿದ ಕ್ರಮದಲ್ಲಿ, ಮನೋವೈದ್ಯರು ವಿಡಿಯೊ ಮೂಲಕ ಆ ವೈದ್ಯರ ಒಪಿಡಿಯಲ್ಲೇ ಕೂರುತ್ತಾರೆ. ಮೈಕೈ ನೋವು, ಸುಸ್ತು ಎಂದು ಬಂದ ಸಾಮಾನ್ಯ ರೋಗಿಗಳ ನಡುವೆ ಖಿನ್ನತೆಯನ್ನೂ ಆತಂಕವನ್ನೂ ಗುರುತಿಸುವುದು ಹೇಗೆಂದು ಆಗಿಂದಾಗಲೇ ಕಲಿಸುತ್ತಾರೆ. ಪಾಠಕ್ಕೆಂದು ವೈದ್ಯರು ತಮ್ಮ ಕುರ್ಚಿ ಬಿಟ್ಟು ಏಳಬೇಕಾಗಿಲ್ಲ. ಎಂಬಿಬಿಎಸ್‌ನಲ್ಲಿ ಮನೋವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ಪರೀಕ್ಷೆಯೇ ಇಲ್ಲದಿರುವಾಗ ವೈದ್ಯರಿಗೆ ಇದರ ಅಗತ್ಯವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ಪರದೆಯ ಮುಂದೆ ಆಪ್ತಸಮಾಲೋಚಕಿಯೂ ಶುಶ್ರೂಷಾಧಿಕಾರಿಯೂ ಯಾಕೆ ಕೂರಬಾರದು ಎಂಬುದು ನನ್ನ ಪ್ರಶ್ನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದವರಲ್ಲಿ ಎದುರು ಕುಳಿತು ನೋಡಲೇಬೇಕಾದವರು ಕೊನೆಗೆ ಬಂದು ತಲುಪುವುದು ನಮ್ಮಂಥವರ ಮೇಜಿಗೇ.

ಇಲ್ಲಿ ಭಾಷೆಯ ವಿಷಯವನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ನಾವು ರೋಗಿಯೊಂದಿಗೆ ಕನ್ನಡದಲ್ಲಿ ಮಾತಾಡುತ್ತೇವೆ, ಕೇಸ್ ಶೀಟನ್ನು ಇಂಗ್ಲಿಷಿನಲ್ಲಿ ಬರೆಯುತ್ತೇವೆ, ಹಿರಿಯರು ಸಿಕ್ಕರೆ ಆ ಇಂಗ್ಲಿಷನ್ನು ಇಟ್ಟುಕೊಂಡು ಚರ್ಚಿಸುತ್ತೇವೆ. ರೋಗಿ ಆಡಿದ ಮಾತು ಎರಡು ಕೈ ದಾಟುವಷ್ಟರಲ್ಲಿ ಬಣ್ಣ ಕಳೆದುಕೊಂಡಿರುತ್ತದೆ. ಬ್ಯಾಸರ, ತ್ರಾಸ, ಸಂಕಟ, ಕಸಿವಿಸಿ, ಮೈ ಉರಿ, ತಲೆಯೆಲ್ಲ ಜುಮುಜುಮು, ಇವು ಒಂದೊಂದೂ ಒಂದೊಂದು ಸೀಮೆಯಲ್ಲಿ ಬೇರೆ ಬೇರೆ ತೂಕದ ಮಾತುಗಳು. ಕರಾವಳಿಯಲ್ಲಿ ತುಳು, ಬ್ಯಾರಿ, ಕೊಂಕಣಿ, ನಮ್ಮಲ್ಲಿ ಉರ್ದು, ಲಂಬಾಣಿ, ಮರಾಠಿ ಬೇರೆ. ಆಪ್ತಸಮಾಲೋಚನೆ ಎಂಬ ಪದ ಇಂದು ಹಳ್ಳಿಯ ಶಾಲಾ ಶಿಕ್ಷಕರ ಬಾಯಲ್ಲೂ ಇರುವುದಕ್ಕೆ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಕನ್ನಡದಲ್ಲೇ ಬರೆದದ್ದು, ಕನ್ನಡದಲ್ಲೇ ಸ್ವಯಂಸೇವಕರನ್ನು ತಯಾರು ಮಾಡಿದ್ದು ಕಾರಣ. ಜನರಿಗೆ ಕನ್ನಡದಲ್ಲಿ ತಿಳಿಹೇಳುವ ಕೆಲಸ ಅಷ್ಟು ದೂರ ಸಾಗಿರುವಾಗ, ವೃತ್ತಿಪರರನ್ನು ಕನ್ನಡದಲ್ಲಿ ತಿದ್ದುವ ಕೆಲಸ ಇನ್ನೂ ಶುರುವಾಗಬೇಕಾಗಿದೆ.

ಮುಂದೆ ಈ ವೃತ್ತಿಗೆ ಬರುವವರ ದಾರಿಯೂ ಮಸುಕಾಗಿದೆ. ಕಾಯ್ದೆಯು ಮನೋವೈದ್ಯಕೀಯ ಸಮಾಜ ಕಾರ್ಯಕರ್ತ ಯಾರು ಎಂಬುದನ್ನು ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ ಮತ್ತು ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಇವೆರಡರ ಮೂಲಕವೇ ವ್ಯಾಖ್ಯಾನಿಸಿದೆ. ಹೊಸ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರ ಜನವರಿಯಲ್ಲಿ ನಮ್ಮ ಕೋರ್ಸಿಗೂ ಚಿಕಿತ್ಸಾ ಮನಶ್ಶಾಸ್ತ್ರದ ಕೋರ್ಸಿಗೂ ವಿನಾಯಿತಿ ಕೊಟ್ಟಿತಾದರೂ ಅದು 2025-26ರ ಶೈಕ್ಷಣಿಕ ವರ್ಷದವರೆಗೆ ಎಂದು ಮಿತಿ ಹಾಕಿತು. ಚಿಕಿತ್ಸಾ ಮನಶ್ಶಾಸ್ತ್ರಕ್ಕಾದರೆ ಭಾರತೀಯ ಪುನರ್ವಸತಿ ಪರಿಷತ್ತು ನಾಲ್ಕು ವರ್ಷದ ಹೊಸ ಪದವಿಯನ್ನು ತಂದಿದೆ. ನಮ್ಮ ವೃತ್ತಿಯ ಹೆಸರು 2021ರ ಸಹಾಯಕ ಮತ್ತು ಆರೋಗ್ಯ ಪಾಲನಾ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆ. ಕಾಯ್ದೆ ಕೇಳುವ ಪದವಿಯೇ ಇಲ್ಲವಾಗುವ ಸ್ಥಿತಿಯಲ್ಲಿ, ಹೊಸಬರನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ ಯಾವ ಅರ್ಹತೆಯ ಮೇಲೆ ನೋಂದಾಯಿಸಿಕೊಳ್ಳಬೇಕು ಎಂಬುದಕ್ಕೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆದು ಸ್ಪಷ್ಟನೆ ಪಡೆಯಬೇಕು. ಇದು ದೆಹಲಿಯ ವಿಷಯವೆಂದು ಪಕ್ಕಕ್ಕಿಡುವಂತಿಲ್ಲ, ಖಾಲಿಯಾಗುವುದು ನಮ್ಮ ಜಿಲ್ಲೆಗಳ ಹುದ್ದೆಗಳೇ.

ಶುಶ್ರೂಷಕರ ವಿಷಯ ಚಿಕ್ಕದು, ಸರಿಪಡಿಸಲು ಸುಲಭ. ನಮ್ಮಲ್ಲಿ ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಡಿಪ್ಲೊಮಾ ಮಾಡಿಬಂದ ಅಧಿಕಾರಿಯೊಬ್ಬರನ್ನು ಆರೇ ತಿಂಗಳಲ್ಲಿ ಹೆರಿಗೆ ವಾರ್ಡಿಗೆ ಹಾಕಲಾಯಿತು. ಮದ್ಯ ಬಿಟ್ಟವರಿಗೆ ಮೂರನೆಯ ದಿನ ಬರುವ ನಡುಕವನ್ನು ನೋಡಿದ ಕೂಡಲೇ ಗುರುತಿಸುತ್ತಿದ್ದ ಕೈ ಅದು. ತರಬೇತಿ ಪಡೆದವರನ್ನು ಕನಿಷ್ಠ ಮೂರು ವರ್ಷ ಅದೇ ವಿಭಾಗದಲ್ಲಿ ಇರಿಸಬೇಕೆಂಬ ಒಂದು ಸುತ್ತೋಲೆ ಸಾಕು, ಇದಕ್ಕೆ ಬಜೆಟ್ಟು ಬೇಕಿಲ್ಲ.

ಹಣ ಬೇಕಾಗುವುದು ಇನ್ನೊಂದಕ್ಕೆ. ಸೇವೆಯಲ್ಲಿರುವ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಪ್ರವೇಶದಲ್ಲಿ ಪ್ರತ್ಯೇಕ ಕೋಟಾ ಇದೆ, ಅದು ನ್ಯಾಯವೇ. ಗುತ್ತಿಗೆಯ ಮನಶ್ಶಾಸ್ತ್ರಜ್ಞೆ ಅಥವಾ ಸಮಾಜ ಕಾರ್ಯಕರ್ತ ಎರಡು ವರ್ಷ ಓದಲು ಹೋದರೆ ನೌಕರಿಯೇ ಹೋಗುತ್ತದೆ. ಮೂರು ದಿನದ ತರಬೇತಿಗೆ ಓಓಡಿ (ರಜೆಯಲ್ಲದೆ ಕರ್ತವ್ಯವೆಂದೇ ಲೆಕ್ಕವಾಗುವ ಅನುಮತಿ) ಕೇಳಿದರೂ, ಗುತ್ತಿಗೆಯವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಉತ್ತರವನ್ನು ನಾನೇ ಎರಡು ಸಲ ಪಡೆದು, ರಜೆ ಹಾಕಿ ಹೋಗಿ ಬಂದಿದ್ದೇನೆ. ಸೇವೆಯಲ್ಲಿ ಐದು ವರ್ಷ ಪೂರೈಸಿದ ಗುತ್ತಿಗೆ ಸಿಬ್ಬಂದಿಗೆ ಡಿಮ್ಹಾನ್ಸ್‌ನಂಥ ರಾಜ್ಯದ ಸಂಸ್ಥೆಯಲ್ಲಿ ಕೆಲವು ಸೀಟುಗಳನ್ನು, ಓದು ಮುಗಿದ ಮೇಲೆ ಅದೇ ಜಿಲ್ಲೆಗೆ ಮರಳುವ ಕರಾರಿನೊಂದಿಗೆ, ಸಂಬಳ ಸಹಿತ ಮೀಸಲಿಡಬಹುದು. ಕರಾರು ಎಷ್ಟೇ ಕಟ್ಟುನಿಟ್ಟಾಗಿರಲಿ, ನಮ್ಮಲ್ಲಿ ಸಹಿ ಹಾಕದವರು ಸಿಗಲಾರರು.

ಸೂಪರ್‌ವಿಷನ್‌ಗೆ ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಬೀದರ್, ರಾಯಚೂರು, ಕಲಬುರಗಿ, ಬಳ್ಳಾರಿ, ಹುಬ್ಬಳ್ಳಿ, ಶಿವಮೊಗ್ಗ, ಹಾಸನ, ಮೈಸೂರು, ಈ ಊರುಗಳಲ್ಲೆಲ್ಲ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಅವು ಒಬ್ಬರು ಸಚಿವರ ಕೈಯಲ್ಲಿ, ಜಿಲ್ಲಾ ಕಾರ್ಯಕ್ರಮ ಇನ್ನೊಬ್ಬರ ಕೈಯಲ್ಲಿ ಇರುವುದರಿಂದಲೇ ಈ ಪತ್ರ ಇಬ್ಬರಿಗೂ ಬರೆದದ್ದು. ತಿಂಗಳಿಗೊಂದು ನಿಗದಿತ ದಿನ ಸುತ್ತಲಿನ ಜಿಲ್ಲೆಗಳ ಸಿಬ್ಬಂದಿ ಆ ವಿಭಾಗದಲ್ಲಿ ಸೇರಿ, ತಲಾ ಒಂದು ಪ್ರಕರಣವನ್ನು, ರೋಗಿಯ ಗುರುತು ಬಿಟ್ಟುಕೊಡದೆ, ರೋಗಿ ಆಡಿದ ಮಾತಿನಲ್ಲೇ ಮಂಡಿಸಿ ಚರ್ಚಿಸುವುದು; ಹೊಸದಾಗಿ ಸೇರಿದವರು ಮೊದಲ ಮೂರು ತಿಂಗಳು ಹಿರಿಯರೊಬ್ಬರ ಪಕ್ಕದಲ್ಲೇ ಕುಳಿತು ಕೆಲಸ ಮಾಡುವುದು; ಆ ದಿನವನ್ನು ಕರ್ತವ್ಯದ ದಿನವೆಂದೇ ಪರಿಗಣಿಸಿ ಪ್ರಯಾಣ ಭತ್ಯೆ ಕೊಡುವುದು. ಆರಂಭಕ್ಕೆ ಎರಡು ವಿಭಾಗ, ಒಂದು ವರ್ಷ, ಇಷ್ಟು ಸಾಕು. ಹಿರಿಯರು ಸಾಲದಿದ್ದರೆ ನಿವೃತ್ತರಾದವರನ್ನು ಕರೆಯಬಹುದು. ನನಗೆ ಔಷಧಿ ಕೌಂಟರಿನ ಉಪಾಯ ಹೇಳಿಕೊಟ್ಟವರು ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಈಗಲೂ ಫೋನ್ ಎತ್ತುತ್ತಾರೆ.

31ನೆಯ ಪ್ರಕರಣದಡಿ ನಮ್ಮ 31 ಜಿಲ್ಲೆಗಳಲ್ಲಿ ಇದುವರೆಗೆ ಯಾವ ಹುದ್ದೆಯ ಎಷ್ಟು ಜನರಿಗೆ, ಎಷ್ಟು ದಿನ, ಯಾವ ತರಬೇತಿ ಕೊಡಲಾಗಿದೆ, ಅವರಲ್ಲಿ ಎಷ್ಟು ಜನ ಇನ್ನೂ ಅದೇ ಕೆಲಸದಲ್ಲಿದ್ದಾರೆ ಎಂಬುದರ ಜಿಲ್ಲಾವಾರು ಪಟ್ಟಿಯನ್ನು ಇಲಾಖೆಯ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಮೊದಲ ಹೆಜ್ಜೆಯಾಗಿ ಕೋರುತ್ತೇನೆ. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯ ಸಾಲಿನಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಉಳಿದ ಮೂವತ್ತನ್ನು ನೋಡುವ ಕುತೂಹಲವಿದೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಒಬ್ಬ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ